ಡೈವ್ ಅಂದರೆ

ಹಲ್ಲುಜ್ಜುತ್ತ ನಿಂತಾಗಲೂ ಗೂಳಪ್ಪನ ತಲೆಯಲ್ಲಿ ಪಂಚಾಕ್ಷರಿಯ ಆ ಅರ್ಧ ನಗುವೇ ಇತ್ತು. ಪೂರ್ತಿ ನಕ್ಕಿದ್ದರೆ ಮನಸ್ಸಿನಲ್ಲೇ ಬೈದು ಮುಗಿಸಬಹುದಿತ್ತು. ನಿನ್ನೆ ಮಲ್ಲತ್ತಹಳ್ಳಿ ಬಡಾವಣೆಯ ಸಂಘದ ಸಭೆ ಮುಗಿದು ಎಲ್ಲರೂ ಕಾಫಿ ಲೋಟ ಹಿಡಿದು ನಿಂತಿದ್ದಾಗ ಗೂಳಪ್ಪ ಎಂದಿನಂತೆ ಮಾತನ್ನು ಹೇಗೋ ತನ್ನ ಬಾರಿನ ಕಡೆಗೆ ತಿರುಗಿಸಿ, ಫೋನಿನಲ್ಲಿದ್ದ ಇಂಗ್ಲಿಷ್ ಬರಹವನ್ನು ಹೊಸದಾಗಿ ಮನೆ ಕಟ್ಟಿಸಿಕೊಂಡು ಬಂದವರೊಬ್ಬರಿಗೆ ತೋರಿಸುತ್ತಿದ್ದ. ಬ್ಯಾಂಕಿನಿಂದ ನಿವೃತ್ತನಾದ ಪಂಚಾಕ್ಷರಿ ನಡುವೆ ಕೈಚಾಚಿ ಫೋನು ಇಸಿದುಕೊಂಡು, ಕನ್ನಡಕ ಹಣೆಗೇರಿಸಿ ಓದಿ, "ಡೈವ್ ಅಂದ್ರೆ ಏನು ಅಂತ ಗೊತ್ತು ತಾನೆ ಗೂಳಪ್ಪ?" ಎಂದು ಕೇಳಿದ. ಗೊತ್ತಿಲ್ಲದೆ ಏನು, ಧುಮುಕೋದು, ಎಂದಿದ್ದ ಗೂಳಪ್ಪ. "ಹೂಂ. ಅದೂ ಹೌದು," ಎಂದು ಪಂಚಾಕ್ಷರಿ ಫೋನು ವಾಪಸು ಕೊಟ್ಟು, ತುಟಿಯ ಒಂದು ಮೂಲೆಯಲ್ಲಿ ನಕ್ಕು, ಕಸದ ಗಾಡಿಯ ವಿಷಯಕ್ಕೆ ಹೊರಳಿಕೊಂಡ. ಅದೂ ಹೌದು ಅಂದರೆ ಇನ್ನೊಂದು ಇದೆ ಅಂತಾಯಿತು. ಆ ಇನ್ನೊಂದು ಯಾವುದು ಎಂದು ಅಲ್ಲೇ, ಅಷ್ಟು ಜನರ ನಡುವೆ ಕೇಳಲು ಬಾಯಿ ಬರಲಿಲ್ಲ. ಕೇಳಿದ್ದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಕೇಳದೆ ಬಂದದ್ದಕ್ಕೆ ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದಾಯಿತು.

ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಕಾಮಾಕ್ಷಿಪಾಳ್ಯದ ಅವನ 'ಕುಸುಮಾ ಬಾರ್ ಅಂಡ್ ರೆಸ್ಟೋರೆಂಟ್'ಗೆ ಹುಡುಗ ಹುಡುಗಿ ಇಬ್ಬರು ದೊಡ್ಡ ಕ್ಯಾಮೆರಾ ತಗುಲಿಸಿಕೊಂಡು ಬಂದಿದ್ದರು. ಗಾರ್ಮೆಂಟ್ಸ್‌ನ ಕಟಿಂಗ್ ಮಾಸ್ತರರು, ಆಟೋದವರು, ಪಾಲಿಶ್ ಘಟಕಗಳಲ್ಲಿ ಕೈ ಕಪ್ಪಾಗಿಸಿಕೊಂಡವರು ಬಂದು ಕೂರುವ ಜಾಗ ಅದು. ಅಂಥ ಬಟ್ಟೆಯ, ಅಂಥ ಇಂಗ್ಲಿಷಿನ ಹುಡುಗಿ ಅಲ್ಲಿ ಕಾಲಿಟ್ಟದ್ದೇ ಮೊದಲು. ಅವಳು ಪಾಚಿ ಬಣ್ಣದ ಗೋಡೆಯನ್ನು, ಕಾಲು ಅಲುಗುವ ಮೇಜಿಗೆ ಮಡಿಸಿ ಕೊಟ್ಟಿದ್ದ ರಟ್ಟನ್ನು, ಸ್ಟೀಲ್ ತಟ್ಟೆಯ ಲಿವರ್ ಫ್ರೈಯನ್ನು ಒಂದೊಂದಾಗಿ ಫೋಟೊ ತೆಗೆದು, ಹೋಗುವಾಗ, "ಅಂಕಲ್, ದಯವಿಟ್ಟು ಇದನ್ನ ರಿನೋವೇಟ್ ಮಾಡಿಸ್ಬೇಡಿ," ಎಂದು ಕೈ ಮುಗಿಯುವಂತೆ ಹೇಳಿದ್ದಳು. ಹದಿನೈದು ದಿನಕ್ಕೆ ಇಂಟರ್ನೆಟ್ಟಿನಲ್ಲಿ ಬಂತು: ಪಶ್ಚಿಮ ಬೆಂಗಳೂರಿನ ಹತ್ತು ಬೆಸ್ಟ್ ಡೈವ್‌ಗಳು, ಅದರಲ್ಲಿ ಕುಸುಮಾ ಬಾರ್ ನಾಲ್ಕನೆಯದು. ಗೂಳಪ್ಪ ಅದನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಗಲ್ಲಾದ ಹಿಂದೆ ಅಂಟಿಸಿದ. ಹೊಸ ಮೆನು ಕಾರ್ಡಿನ ಮೇಲೆ ಹಾಕಿಸಿದ. ಟೈಲ್ಸ್ ಹಾಕಿಸಬೇಕೆಂದು ಮಾತಾಡಿದ್ದ ಮೇಸ್ತ್ರಿಯನ್ನು ಬೇಡವೆಂದು ಕಳಿಸಿದ. ಆ ಪದವನ್ನು ಅವನು ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡಿದ್ದ. ಹದಿನಾರನೇ ವಯಸ್ಸಿನಲ್ಲಿ ಸುಂಕದಕಟ್ಟೆಯ ಆಚೆಗಿದ್ದ ಕ್ವಾರಿ ಹೊಂಡದಲ್ಲಿ ಅವನ ಹಾಗೆ ಎತ್ತರದ ಬಂಡೆಯಿಂದ ತಲೆಕೆಳಗಾಗಿ ಧುಮುಕುವವರು ಯಾರೂ ಇರಲಿಲ್ಲ. ಕಾಲು ಬಂಡೆ ಬಿಟ್ಟ ಮೇಲೆ, ಕೈ ನೀರು ಮುಟ್ಟುವ ಮುಂಚೆ, ಒಂದು ಕ್ಷಣ ಅವನು ಮಿಲ್ಲಿನ ಕೂಲಿಯ ಮಗನಾಗಿರಲಿಲ್ಲ, ಫೇಲಾದವನಾಗಿರಲಿಲ್ಲ, ಯಾರೂ ಆಗಿರಲಿಲ್ಲ. ಹತ್ತು ಗಂಟೆ ಮಷೀನಿನ ಮುಂದೆ ನಿಂತವನು ಸಂಜೆ ಬಂದು ಒಂದು ಕ್ವಾರ್ಟರ್ ಮುಂದಿಟ್ಟುಕೊಂಡರೆ ಅವನಿಗೂ ಬೇಕಾದದ್ದು ಅದೇ ಕ್ಷಣವಲ್ಲವೇ? ಮದುವೆ ಮನೆಗಳಲ್ಲಿ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದವರಿಗೆ ಇಷ್ಟು ವರ್ಷ ಬರೀ 'ಬಿಸಿನೆಸ್' ಎಂದು ಗೊಣಗುತ್ತಿದ್ದವನು ಈ ಎಂಟು ತಿಂಗಳು ಫೋನು ತೆಗೆದು ತೋರಿಸತೊಡಗಿದ್ದ.

ಅಡುಗೆಮನೆಯಲ್ಲಿ ಹೆಂಡತಿ ಕುಸುಮಾ ರೊಟ್ಟಿ ತಟ್ಟುತ್ತಿದ್ದಳು. ಮಗಳು ಶಿವರಂಜನಿ ಆಗಲೇ ಯೂನಿವರ್ಸಿಟಿಗೆ ಹೊರಟುಹೋಗಿದ್ದಳು. ಅವಳು ಜ್ಞಾನಭಾರತಿಯಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿರುವುದು, ಅವಳನ್ನೇ ಕೇಳಬಹುದಿತ್ತು ಎಂಬುದು ಅವನಿಗೆ ಹೊಳೆದಾಗ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆ ಬರಹ ಬಂದ ದಿನ ಮೊದಲು ಓದಿದವಳೇ ಅವಳು. ಓದಿ, "ಚೆನ್ನಾಗಿದೆ ಅಪ್ಪ," ಎಂದು ಫೋನು ಕೊಟ್ಟು ರೂಮಿಗೆ ಹೋಗಿದ್ದಳು. ಬಾಗಿಲು ಹಾಕಿಕೊಂಡಿದ್ದಳೇ? ಹಾಕಿಕೊಂಡಂತೆ ಈಗ ನೆನಪಾಗುತ್ತಿತ್ತು. ಕುಸುಮಾ ಇನ್ನೊಂದು ರೊಟ್ಟಿ ತಂದು ಹಾಕಿದಳು. ಅವಳನ್ನು ಕೇಳಿ ಪ್ರಯೋಜನವಿಲ್ಲ. ಅವಳು ಬಾರಿನ ಸುದ್ದಿಯನ್ನು ಎತ್ತಿದವಳೇ ಅಲ್ಲ. ಅದನ್ನು ಅವನು ನೆಮ್ಮದಿಯೆಂದು ತಿಳಿದಿದ್ದ. ಬೇರೆಯವರ ಹೆಂಡಂದಿರಂತೆ ಇವಳು ಕುಡಿತದ ದುಡ್ಡು, ಪಾಪದ ದುಡ್ಡು ಎಂದು ಗೊಣಗಿದವಳಲ್ಲ.

ಬಾರಿನಲ್ಲಿ ಮಧ್ಯಾಹ್ನದವರೆಗೂ ಅವನ ಬೆನ್ನು ಗೋಡೆಯ ಮೇಲಿನ ಆ ಹಾಳೆಗೆ ಒರಗಿಯೇ ಇತ್ತು, ಯಾರೂ ಓದದಂತೆ ಅಡ್ಡ ಕೂತವನಂತೆ. ಹನ್ನೆರಡಕ್ಕೆ ಸರಬರಾಜು ಕಂಪನಿಯ ಸೇಲ್ಸ್‌ಮನ್ ಶಶಿಕುಮಾರ್ ಬಂದ. ಎಂಟು ತಿಂಗಳ ಹಿಂದೆ ಈ ಪದಕ್ಕೆ ಧುಮುಕುವುದು ಎಂದು ಅರ್ಥ ಹೇಳಿದವನು ಅವನೇ. ಗೂಳಪ್ಪ ಆರ್ಡರಿನ ಮಾತು ಬದಿಗಿಟ್ಟು ನೇರವಾಗಿ ಕೇಳಿದ. ಶಶಿಕುಮಾರ್ ತಲೆ ಕೆರೆದುಕೊಂಡು ತನಗೆ ಗೊತ್ತಿದ್ದುದನ್ನೆಲ್ಲ ಹೇಳಿದ: ಫೀಲ್ಡರ್ ಗಾಳಿಯಲ್ಲಿ ಹಾರಿ ಕ್ಯಾಚ್ ಹಿಡಿದರೆ ಡೈವ್, ಫುಟ್‌ಬಾಲ್‌ನಲ್ಲಿ ಯಾರೂ ತಾಕದಿದ್ದರೂ ಬಿದ್ದು ಹೊರಳಾಡಿದರೆ ಅದೂ ಡೈವ್, ಮೀಟಿಂಗಿನಲ್ಲಿ ಮ್ಯಾನೇಜರ್ ಗಂಟೆಗಟ್ಟಲೆ ತಲೆ ತಿಂದರೆ ಡೀಪ್ ಡೈವ್, ಸೇಲ್ಸ್ ಬಿದ್ದುಹೋದರೆ ನೋಸ್ ಡೈವ್. ಬಾರಿಗೆ ಹೇಳಿದರೆ? ಎಂದ ಗೂಳಪ್ಪ. ಶಶಿಕುಮಾರನ ಕಣ್ಣು ಒಂದು ಸಲ ಗೋಡೆಯ ಕಡೆ ಹೋಗಿ, ಮೇಜಿನ ಕಾಲಿನ ರಟ್ಟಿನ ಮೇಲೆ ನಿಂತು, ತನ್ನ ಪುಸ್ತಕಕ್ಕೆ ವಾಪಸಾಯಿತು. ಬಾರಿಗೂ ಒಳ್ಳೆಯದಕ್ಕೇ ಹೇಳೋದು ಅಣ್ಣ, ನೀವು ಯಾಕೆ ತಲೆ ಕೆಡಿಸ್ಕೋತೀರಾ, ಎಂದ. ಅವನಿಗೂ ಗೊತ್ತಿದೆ. ಅಂದೂ ಗೊತ್ತಿತ್ತೋ, ಆಮೇಲೆ ಯಾರೋ ಹೇಳಿದರೋ, ಅಂತೂ ಗೊತ್ತಿದೆ. ಇಡೀ ಊರಿಗೆ ಗೊತ್ತಿದ್ದು ತನಗೊಬ್ಬನಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ತಾನೇ ಲ್ಯಾಮಿನೇಟ್ ಮಾಡಿಸಿ ಹಂಚಿದ್ದೇನೆ ಎಂದು ಗೂಳಪ್ಪನಿಗೆ ಅನ್ನಿಸಿತು. ಯಾರ ಮೇಲೆ ರೇಗಬೇಕೆಂದು ತಿಳಿಯದೆ, ಗ್ಲಾಸು ಸರಿಯಾಗಿ ತೊಳೆದಿಲ್ಲವೆಂದು ಒಳಗಿನವರ ಮೇಲೆ ರೇಗಿ, ಸ್ಕೂಟರ್ ಹತ್ತಿದ.

ವಿಜಯನಗರದ ಬಸ್ ನಿಲ್ದಾಣದ ಹತ್ತಿರ ಪಠ್ಯಪುಸ್ತಕ, ಗೈಡು ಮಾರುವ ಅಂಗಡಿಯಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಕೇಳಿದ. ಯಾವ ಕ್ಲಾಸಿಗೆ ಎಂದು ಅಂಗಡಿಯವನು ಕೇಳಿದ್ದಕ್ಕೆ ಮಗಳಿಗೆ ಎಂದು ಸುಳ್ಳು ಹೇಳಿದ. ದಪ್ಪ ಪುಸ್ತಕ; ಡಿ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಬೆರಳು ಬೆವತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಅವನನ್ನು ಬೀಳಿಸಿದ ಭಾಷೆ ಇದು, ಮೂರನೆಯ ಸಲ ಕಟ್ಟಲು ಅಪ್ಪ ಬೇಡವೆಂದು ಮಿಲ್ಲಿನ ಗೇಟಿಗೆ ಕರೆದುಕೊಂಡು ಹೋಗಿದ್ದ. ಸಿಕ್ಕಿತು. ನೀರಿಗೆ ತಲೆ ಮುಂದಾಗಿ ಧುಮುಕು. ಮುಳುಗು. ವಿಮಾನವು ನೇರವಾಗಿ ಕೆಳಗಿಳಿ. ಜೇಬಿಗೆ ಥಟ್ಟನೆ ಕೈಹಾಕು. ಬೆಲೆ ಕುಸಿ. ಪೊದೆಯೊಳಕ್ಕೆ ನುಗ್ಗಿ ಮರೆಯಾಗು. ಅವನು ಸಾಲಿನ ಮೇಲೆ ಬೆರಳಿಟ್ಟು, ತುಟಿ ಆಡಿಸುತ್ತ ಇಳಿದ. ಪ್ರತಿ ಅರ್ಥವೂ ಸದ್ಯ ಇದಲ್ಲ, ಸದ್ಯ ಇದಲ್ಲ ಎನ್ನುವಂತೆ ದಾಟುತ್ತ ಹೋಯಿತು. ನಾಮಪದದಲ್ಲಿ ಕಟ್ಟಕಡೆಗೆ, ಆಡುಮಾತು ಎಂದು ಗುರುತು ಹಾಕಿ, ಕೊಟ್ಟಿದ್ದರು: ಹೀನ ದರ್ಜೆಯ ಹೆಂಡದಂಗಡಿ, ಕೊಳಕು ಜಾಗ. ಅವನು ಅದನ್ನು ಎರಡು ಸಲ ಓದಿದ. ಪಕ್ಕದಲ್ಲಿ ಯಾರೋ ಹೆಂಗಸು ಕಾಪಿ ಬುಕ್ಕಿನ ಬೆಲೆ ಕೇಳುತ್ತಿದ್ದಳು. ತಗೋತೀರಾ ಎಂದು ಅಂಗಡಿಯವನು ಕೇಳಿದಾಗ ಪುಸ್ತಕ ಮುಚ್ಚಿ, ಇದರಲ್ಲಿ ಎಲ್ಲ ಪದ ಇಲ್ಲ, ಎಂದು ಹೇಳಿ ಹೊರಗೆ ಬಂದ. ಹೊರಗೆ ಬಂದ ಮೇಲೆ ಆ ಮಾತಿಗೂ ನಾಚಿಕೆಯಾಯಿತು. ನಾಲ್ಕನೇ ಸ್ಥಾನ. ಊರಿನ ಈ ಭಾಗದ ಹೀನ ಜಾಗಗಳಲ್ಲಿ ನಾಲ್ಕನೆಯದು. ಮೊದಲನೆಯದಾದರೂ ಆಗಿದ್ದರೆ ಏನೋ ಒಂದು ಮಾತಿತ್ತು ಎಂದು ಹುಚ್ಚು ಯೋಚನೆ ಬಂದು, ಸಿಗ್ನಲ್ಲಿನಲ್ಲಿ ಹಿಂದಿನವರು ಹಾರ್ನ್ ಹೊಡೆಯುವವರೆಗೂ ಅವನು ನಿಂತೇ ಇದ್ದ.

ಕ್ಯಾಂಪಸ್ಸಿನಲ್ಲಿ ಇಂಗ್ಲಿಷ್ ವಿಭಾಗದ ಹೊರಗೆ, ನೀಲಗಿರಿ ಮರಗಳ ನೆರಳಿನ ಕಟ್ಟೆಯ ಮೇಲೆ ಶಿವರಂಜನಿ ಬಂದು ಕೂತಳು. ಅವನ ಫೋನು ಬಂದದ್ದೇ ಕ್ಲಾಸಿನಿಂದ ಎದ್ದು ಬಂದಿದ್ದಳು. ಅಪ್ಪ ಇಲ್ಲಿಯವರೆಗೆ ಬಂದದ್ದೇ ಇಲ್ಲ, ಅಮ್ಮನಿಗೆ ಏನಾಯಿತೋ ಎಂದು ಹೆದರಿಕೊಂಡಿದ್ದಳು. ಅವನು ವಿಷಯ ಹೇಳಿದಾಗ ಆ ಹೆದರಿಕೆ ಇಳಿದು, ಅದರ ಜಾಗದಲ್ಲಿ ಎಂಥದೋ ಆಯಾಸ ಬಂದು ಕೂತಿತು. ಆ ಪದವನ್ನು ಈಗ ಹಾಗೆ ಬಳಸುವುದಿಲ್ಲ ಎಂದು ವಿವರಿಸಲು ನೋಡಿದಳು. ಮೊದಲು ಹೊರದೇಶಗಳಲ್ಲಿ ನೆಲಮಾಳಿಗೆಯಲ್ಲಿ ಇಂಥ ಅಂಗಡಿಗಳಿದ್ದವಂತೆ, ಯಾರ ಕಣ್ಣಿಗೂ ಬೀಳದೆ ಒಳಗೆ ಧುಮುಕಿಬಿಡಬಹುದಿತ್ತಂತೆ, ಅದರಿಂದ ಬಂದಿರಬಹುದು ಎನ್ನುತ್ತಾರೆ. ಬೈಗುಳವಾಗಿದ್ದದ್ದು ಈಗ ಮೆಚ್ಚುಗೆಯಾಗಿದೆ. ಎಸಿ ಪಬ್ಬುಗಳಲ್ಲಿ ಬೇಸತ್ತವರು ಇಂಥ ಜಾಗ ಹುಡುಕಿಕೊಂಡು ಬರುತ್ತಾರೆ, ಪ್ರೀತಿಯಿಂದಲೇ ಹಾಗೆ ಕರೆಯುತ್ತಾರೆ. ಗೂಳಪ್ಪ ಕೇಳುತ್ತಿದ್ದ. ಮಗಳು ಪಾಠ ಹೇಳುವಾಗ ಅವಳ ಕೈ ಗಾಳಿಯಲ್ಲಿ ಆಡುವ ರೀತಿ ಅವನಿಗೆ ಹೊಸದು. ಅವರು ನನ್ನ ಕಡೆ ನೋಡಿ ಕೊಳಕು ಅಂತ ಪ್ರೀತಿಯಿಂದ ಅಂದರೆ ನಾನು ಪ್ರೀತಿಯಿಂದ ಕೇಳಿಸಿಕೊಳ್ಳಬೇಕಾ, ಎಂದು ಕೇಳಿದ.

"ನಿಂಗೆ ಅವತ್ತೇ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?"

"ನಿಮಗೆ ಅಷ್ಟು ಖುಷಿಯಾಗಿತ್ತು. ಅಮ್ಮಂಗೆ ಹೇಳ್ದೆ. ಅಮ್ಮ ತುಂಬಾ ಹೊತ್ತು ನಕ್ಕಳು. ಆಮೇಲೆ, ಹೇಳ್ಬೇಡ ಬಿಡು ಅಂದ್ಲು. ನಿಮ್ಮಪ್ಪಂಗೂ ಒಂದು ಹೆಸರು ಬಂತಲ್ಲ, ಇರ್ಲಿ, ಅಂದ್ಲು."

ಕುಸುಮಾ ತುಂಬಾ ಹೊತ್ತು ನಕ್ಕಿದ್ದು ಹೇಗಿದ್ದಿರಬಹುದು ಎಂದು ಅವನು ಊಹಿಸಲು ನೋಡಿದ, ಆಗಲಿಲ್ಲ. ಅಪ್ಪನಿಗೂ ಅಂದರೇನು? ಅಪ್ಪನಿಗೂ ಅಂದರೆ ಇನ್ನೊಬ್ಬರಿಗೆ ಮೊದಲೇ ಬಂದಿತ್ತು ಅಂತ. ಅವನು ಅದನ್ನೇ ಕೇಳಿದ. ಶಿವರಂಜನಿ ಬ್ಯಾಗಿನ ಜಿಪ್ಪನ್ನು ಎಳೆದಳು, ಹಾಕಿದಳು. ಆಮೇಲೆ ಅವನ ಮುಖ ನೋಡದೆ ಹೇಳಿದಳು:

"ನಾನು ಎಂಟನೇ ಕ್ಲಾಸಲ್ಲಿದ್ದಾಗ ಒಬ್ಬ ಕೇಳ್ದ, ನಿಮ್ಮಮ್ಮ ಬೆಳಗ್ಗೆ ಹತ್ತಕ್ಕೆ ಓಪನ್ ಆದ್ರೆ ರಾತ್ರಿ ಹನ್ನೊಂದಕ್ಕೇ ಅಂತಲ್ಲ ಕ್ಲೋಸ್ ಆಗೋದು, ಅಂತ. ನಂಗೆ ಮೊದಲು ಅರ್ಥಾನೇ ಆಗ್ಲಿಲ್ಲ. ಮನೆಗೆ ಬಂದು ಅಮ್ಮನ್ನೇ ಕೇಳ್ದೆ. ಅಮ್ಮಂಗೆ ಅದೆಲ್ಲ ಹಳೇದು. ಚಿಕ್ಕಮಾವನ ಮದುವೇಲೇ ಶುರುವಾಗಿತ್ತಂತೆ. ನಿನ್ನೆ ರಾತ್ರಿಯೆಲ್ಲ ಕುಸುಮಾದಲ್ಲೇ ಇದ್ದೆ ಅಂತ ಒಬ್ಬ, ಕುಸುಮಾ ಈಗ ಮುಂಚಿನ ಹಾಗಿಲ್ಲ ಅಂತ ಇನ್ನೊಬ್ಬ. ಅಮ್ಮ ಅಲ್ಲೇ ಬಡಿಸ್ತಾ ಇದ್ಲು."

ಯಾರವನು, ಎಂದು ಗೂಳಪ್ಪನ ಬಾಯಿಂದ ಬಂತು. ಕಟ್ಟೆಯಿಂದ ಎದ್ದೇ ಬಿಟ್ಟಿದ್ದ. ಯಾವ ಶಾಲೆಯ ಹುಡುಗ, ಮದುವೆಯಲ್ಲಿ ಅಂದವರು ಯಾರು, ಹೆಸರು ಹೇಳು, ಕಾಲು ಮುರಿಸುತ್ತೇನೆ. "ಯಾರ್ ಯಾರ ಕಾಲು ಮುರಿಸ್ತೀರಪ್ಪ," ಎಂದಳು ಶಿವರಂಜನಿ. "ಎಲ್ರೂ ನಿಮ್ಮ ಗಿರಾಕಿಗಳೇ." ಅವಳ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅಮ್ಮ ಎಲ್ಲಿದ್ದಾಳೆ ಈಗ ಎಂದು ಕೇಳಿದ. ಈ ಹೊತ್ತಿಗೆ ದಿನಾ ಎಲ್ಲಿರುತ್ತಾಳೋ ಅಲ್ಲಿ, ಕೆರೆ ಹತ್ತಿರ ವಾಕಿಂಗಿನಲ್ಲಿ, ಎಂದು ಅವಳು ಹೇಳಿದಾಗ, ಹೆಂಡತಿ ದಿನಾ ವಾಕಿಂಗ್ ಹೋಗುತ್ತಾಳೆಂಬುದು ಅವನಿಗೆ ಗೊತ್ತಿರಲಿಲ್ಲ ಎಂಬುದನ್ನು ಇಬ್ಬರೂ ಗಮನಿಸಿದರು. ಆ ಹೊತ್ತಿಗೆ ಅವನು ಯಾವತ್ತೂ ಗಲ್ಲಾದಲ್ಲಿ ಇರುತ್ತಿದ್ದ.

ಕ್ಯಾಂಪಸ್ಸಿನಿಂದ ಮಲ್ಲತ್ತಹಳ್ಳಿ ಕೆರೆಗೆ ಹತ್ತು ನಿಮಿಷದ ದಾರಿ. ಲೈಸೆನ್ಸ್ ಸಿಕ್ಕ ವರ್ಷ ಬೋರ್ಡು ಬರೆಸುವಾಗ ಪೇಂಟರ್ ದೇವರ ಹೆಸರು ಸೂಚಿಸಿದ್ದ. ದೇವರ ಹೆಸರು ಹೆಂಡದಂಗಡಿಗೆ ಬೇಡ, ಪಾಪ ತಟ್ಟುತ್ತದೆ ಎಂದು ಗೂಳಪ್ಪನೇ ತಳ್ಳಿಹಾಕಿ ಹೆಂಡತಿಯ ಹೆಸರು ಬರೆಸಿದ್ದ. ದೇವರಿಗೆ ಬೇಡವಾದದ್ದು ಅವಳಿಗೆ ಆಗಬಹುದು ಎಂದು ಆಗ ಯಾಕೆ ಅನ್ನಿಸಿತು? ಕೆಂಪು ಅಕ್ಷರ, ಸುತ್ತ ಬಲ್ಬು. ಉದ್ಘಾಟನೆಗೆ ಅವಳನ್ನು ಕರೆತಂದು ಬೋರ್ಡಿನ ಕೆಳಗೆ ನಿಲ್ಲಿಸಿ ಫೋಟೊ ತೆಗೆಸಿದ್ದ, ದೊಡ್ಡ ಉಡುಗೊರೆ ಕೊಟ್ಟವನ ಹಾಗೆ. ಸ್ಕೂಟರ್ ಓಡಿಸುತ್ತಲೇ ಅವನಿಗೆ ತನ್ನದೇ ದನಿ ಕೇಳಿಸತೊಡಗಿತು. ಭಾನುವಾರ ಮನೆಯ ಹಾಲಿನಲ್ಲಿ ಕೂತು ಫೋನಿನಲ್ಲಿ ಹೇಳುವ ಮಾತು: ಬನ್ನಿ ಸಾರ್ ಸಂಜೆ ಕುಸುಮಾಗೆ, ಫ್ಯಾಮಿಲಿ ಬಿಟ್ಟು ಬನ್ನಿ, ಏನು ಬೇಕಾದ್ರೂ ಅರೇಂಜ್ ಮಾಡೋಣ. ಎಷ್ಟು ಸಲ ಹೇಳಿರಬಹುದು? ಆಗೆಲ್ಲ ಅವಳು ಪಕ್ಕದಲ್ಲೇ ಬಟ್ಟೆ ಮಡಿಸುತ್ತಲೋ ಸೊಪ್ಪು ಬಿಡಿಸುತ್ತಲೋ ಇರುತ್ತಿದ್ದಳು. ಇಪ್ಪತ್ತೆರಡು ವರ್ಷ. ಒಂದು ಇಂಗ್ಲಿಷ್ ಪದ ಒಂದು ರಾತ್ರಿ ತನ್ನ ನಿದ್ದೆ ಕೆಡಿಸಿದ್ದಕ್ಕೆ ಅವನು ಬೆಳಗ್ಗೆಯಿಂದ ಊರೆಲ್ಲ ಸುತ್ತಿದ್ದ. ಅವಳಿಗೆ ನಿಘಂಟು ನೋಡುವ ಅಗತ್ಯವೇ ಇರಲಿಲ್ಲ. ಎಲ್ಲರೂ ಅಚ್ಚಕನ್ನಡದಲ್ಲೇ ಆಡಿದ್ದರು.

ಕೆರೆಯ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ ಏರಿಯ ಮೇಲಿನ ದಾರಿಗೆ ಬಂದ. ಬಿಸಿಲು ಇಳಿಯುತ್ತಿತ್ತು. ಸೀರೆಗೆ ಬೂಟು ಹಾಕಿಕೊಂಡ ಹೆಂಗಸರು ಇಬ್ಬಿಬ್ಬರು, ಮೂವರು ಮೂವರಾಗಿ ಬೀಸಿ ನಡೆಯುತ್ತಿದ್ದರು. ಕಲ್ಲುಬೆಂಚಿನ ಮೇಲೆ ಕಾಲು ಒತ್ತಿಕೊಳ್ಳುತ್ತ ಕೂತಿದ್ದ ದಪ್ಪನೆಯ ಹೆಂಗಸೊಬ್ಬಳನ್ನು, ಕುಸುಮಾ ಅಂತ, ಇಲ್ಲಿ ದಿನಾ ವಾಕಿಂಗ್ ಬರ್ತಾರಂತೆ, ನೋಡಿದ್ರಾ, ಎಂದು ಕೇಳಿದ. ಅವಳು ತನ್ನ ಹೆಸರು ಮುನಿತಾಯಮ್ಮ, ಮನೆ ಕೆರೆಯಾಚೆ, ಎಂದು ಮೊದಲು ಹೇಳಿಕೊಂಡು, ಇಲ್ಲಿ ಸಂಜೆ ಬರುವ ಇಪ್ಪತ್ತು ಮಂದಿಯೂ ತನಗೆ ಗೊತ್ತೆಂದೂ ಕುಸುಮಾ ಎಂಬುವರು ಯಾರೂ ಇಲ್ಲವೆಂದೂ ಹೇಳಿದಳು. ಅಷ್ಟರಲ್ಲಿ ಅವನಿಗೆ ಕಂಡಳು. ಐವತ್ತು ಹೆಜ್ಜೆ ದೂರದಲ್ಲಿ, ಇಬ್ಬರು ಹೆಂಗಸರ ನಡುವೆ, ಕೈ ಬೀಸುತ್ತ ಏನೋ ಕತೆ ಹೇಳುತ್ತ ಬರುತ್ತಿದ್ದಳು; ಅವರಿಬ್ಬರೂ ನಕ್ಕು ನಕ್ಕು ನಿಂತು ನಿಂತು ನಡೆಯುತ್ತಿದ್ದರು.

"ಅಗೋ, ಮಧ್ಯದಲ್ಲಿ ಇದಾರಲ್ಲ, ನಮ್ಮ ಚಿಕ್ಕಗಂಗಮ್ಮ. ಅವ್ರನ್ನ ಕೇಳಿ ಸಾರ್. ಅವ್ರಿಗೆ ಎಲ್ರೂ ಗೊತ್ತು," ಎಂದಳು ಮುನಿತಾಯಮ್ಮ.

ಆ ಹೆಸರನ್ನು ಗೂಳಪ್ಪ ಕೇಳಿ ಇಪ್ಪತ್ತೆಂಟು ವರ್ಷವಾಗಿತ್ತು. ಲಗ್ನಪತ್ರಿಕೆಯಲ್ಲಿ ಅದೇ ಇತ್ತು. ಅವಳ ಅಜ್ಜಿಯ ಹೆಸರು. ಹಳ್ಳಿಗುಗ್ಗು ಹೆಸರು, ನಾಲ್ಕು ಜನರ ಮುಂದೆ ಕರೆಯಲು ನಾಚಿಕೆ, ಎಂದು ಅವನ ತಾಯಿ ಅಂದದ್ದಕ್ಕೆ ಮನೆ ತುಂಬಿಸಿಕೊಳ್ಳುವಾಗ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ 'ಕುಸುಮಾ' ಎಂದು ಅವನೇ ಬರೆದಿದ್ದ. ಅವಳು ಬಗ್ಗಿ ಅದನ್ನು ಓದಿದ್ದಳು. ಇಷ್ಟವಾಯಿತೇ ಎಂದು ಕೇಳಿದ ನೆನಪಿಲ್ಲ. ಈಗ ಅವಳು ಅವನು ಬರೆದುಕೊಟ್ಟದ್ದನ್ನು ಕಾಮಾಕ್ಷಿಪಾಳ್ಯದಲ್ಲಿ ಬಲ್ಬುಗಳ ನಡುವೆ ಬಿಟ್ಟು, ತನ್ನದನ್ನು ತಾನು ಇಲ್ಲಿ ಇಟ್ಟುಕೊಂಡಿದ್ದಳು. ಎಷ್ಟು ಕಾಲದಿಂದ ಬರುತ್ತಿದ್ದಾರೆ ಎಂದು ಕೇಳಿದ. ಆರೇಳು ವರ್ಷ ಆಯ್ತು, ಎಂದಳು ಮುನಿತಾಯಮ್ಮ. ಅವರ ಯಜಮಾನರು ಏನು ಮಾಡುತ್ತಾರೆ? ಕೇಳಿದ ಮೇಲೆ ಯಾಕೆ ಕೇಳಿದೆನೋ ಅನ್ನಿಸಿತು. ಲೇತ್ ವರ್ಕ್ಸ್ ಇದೆಯಂತೆ ಸಾರ್ ಎಲ್ಲೋ ಮಾಗಡಿ ರೋಡ್ ಕಡೆ, ಪಾಪ, ಬೆಳಗ್ಗೆ ಹೋದರೆ ರಾತ್ರಿ ಬರೋದಂತೆ, ಒಳ್ಳೆ ಮನುಷ್ಯರಂತೆ, ಎಂದವಳು ಕಣ್ಣು ಕಿರಿದು ಮಾಡಿ, "ನೀವು ಯಾರು ಅಂತ ಗೊತ್ತಾಗ್ಲಿಲ್ಲ," ಎಂದಳು.

ಚಿಕ್ಕಗಂಗಮ್ಮ ಅವನನ್ನು ನೋಡಿದ್ದಳು. ನಡಿಗೆ ನಿಂತಿರಲಿಲ್ಲ, ಕತೆ ನಿಂತಿತ್ತು. ಬೀಸುತ್ತಿದ್ದ ಕೈಗಳು ಮೈಗೆ ಅಂಟಿಕೊಂಡಿದ್ದವು, ಮನೆಯಲ್ಲಿ ಇರುವಂತೆ. ಅವಳು ಹತ್ತಿರ ಬರುವಷ್ಟರಲ್ಲಿ ಅವನು ಏನಾದರೂ ಹೇಳಬೇಕಾಗಿತ್ತು, ಹೇಳುವುದು ಅವಳಿಗೂ ಕೇಳಿಸುತ್ತಿತ್ತು. ನಾನೇ ಅವರ ಯಜಮಾನ, ಎಂದ ಗೂಳಪ್ಪ. "ಲೇತ್ ವರ್ಕ್ಸ್ ನಂದೇ," ಎಂದು ಸೇರಿಸಿದ.

ಹೆಂಗಸರು ಸೆರಗು ಸರಿಮಾಡಿಕೊಂಡು ನಮಸ್ಕಾರ ಹೇಳಿದರು. ಚಿಕ್ಕಗಂಗಮ್ಮ ಅವನ ಕಾಲಿನ ಚಪ್ಪಲಿಯನ್ನು ನೋಡುತ್ತ ನಿಂತಳು. ಮುನಿತಾಯಮ್ಮ ಬೆಂಚಿನಿಂದ ಎದ್ದೇ ಬಿಟ್ಟಿದ್ದಳು. ಎಷ್ಟು ದಿನದಿಂದ ನಿಮ್ಮನ್ನ ನೋಡಬೇಕು ಅಂತಿದ್ದೆ ಸಾರ್, ಇವ್ರು ಯಾವತ್ತೂ ಕರ್ಕೊಂಡು ಬರೋದೇ ಇಲ್ಲ, ನಮ್ಮ ಮೈದುನ ಟರ್ನರ್ ಕೆಲಸ ಮಾಡ್ತಿದ್ದ ಫ್ಯಾಕ್ಟರಿ ಬಾಗಿಲು ಹಾಕಿ ನಾಲ್ಕು ತಿಂಗಳಾಯ್ತು, ಕೈ ಕೆಲಸ ಚೆನ್ನಾಗಿದೆ, ಕುಡಿಯೋ ಅಭ್ಯಾಸ ಇಲ್ಲ, ನಿಮ್ಮಲ್ಲಿ ಒಂದು ಜಾಗ ಏನಾದ್ರೂ, ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಗೂಳಪ್ಪನಿಗೆ ಲೇತ್ ಮಷೀನಿನ ಬಗ್ಗೆ ಗೊತ್ತಿದ್ದದ್ದು ಅದು ತಿರುಗುತ್ತದೆ ಎಂಬುದಷ್ಟೇ. ಕಳಿಸಿ ನೋಡೋಣ ಎನ್ನುವಂತಿರಲಿಲ್ಲ, ಇಲ್ಲ ಎಂದರೆ ಚಿಕ್ಕಗಂಗಮ್ಮನ ಗಂಡ ಒಳ್ಳೆ ಮನುಷ್ಯನಾಗಿ ಉಳಿಯುತ್ತಿರಲಿಲ್ಲ.

"ಕೆಲಸ ಕಡಿಮೆ ಆಗೋಯ್ತಮ್ಮ," ಎಂದ. "ಮುಚ್ಚೋಣ ಅಂತಿದೀನಿ."

ಅಯ್ಯೋ ಪಾಪ, ಎಂದಳು ಮುನಿತಾಯಮ್ಮ, ಇಷ್ಟು ವರ್ಷ ನಡೆಸಿದ್ದು. ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ ಚಿಕ್ಕಗಂಗಮ್ಮನ ಕೈ ನಿಂತಿತು. ತಲೆಯೆತ್ತಿ ಅವನನ್ನು ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಅವನ ಬಾರಿನ ಬಗ್ಗೆ ಅವಳು ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ.

"ಯಾವಾಗ?" ಎಂದಳು.

ಮುನಿತಾಯಮ್ಮ ಇಬ್ಬರ ಮುಖವನ್ನೂ ನೋಡಿ, ಉಳಿದಿಬ್ಬರ ತೋಳು ಹಿಡಿದು ಮುಂದೆ ನಡೆಸಿಕೊಂಡು ಹೋದಳು. ಗೂಳಪ್ಪ ಮುಂದಿನ ತಿಂಗಳು ಅನ್ನೋಣವೆಂದುಕೊಂಡ. ಲೈಸೆನ್ಸ್ ಜೂನ್‌ವರೆಗೂ ಇದೆ ಅನ್ನೋಣವೆಂದುಕೊಂಡ. ಅವರಿಗೋಸ್ಕರ ಹೇಳಿದ ಮಾತು ಅದು ಅನ್ನೋಣವೆಂದುಕೊಂಡ. ನಡಿ, ಮನೆಗೆ ಹೋಗಿ ಮಾತಾಡೋಣ, ಎಂದ ಕೊನೆಗೆ, ಗೇಟಿನ ಕಡೆ ತಿರುಗಿ ನಾಲ್ಕು ಹೆಜ್ಜೆ ಇಟ್ಟ. ಹಿಂದೆ ಹೆಜ್ಜೆಯ ಸದ್ದು ಕೇಳಿಸಲಿಲ್ಲ. ತಿರುಗಿ ನೋಡಿದರೆ ಅವಳು ನಿಂತಲ್ಲೇ ನಿಂತಿದ್ದಳು, ಉತ್ತರಕ್ಕೆ ಕಾಯುತ್ತ.